ತುರ್ತು ಇದ್ದರೆ ಒಂಬತ್ತನ್ನು ಒತ್ತಿ

ನನ್ನ ತಂಗಿಯ ಮಗಳು ಈಚೆಗೆ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫೋನಿನ ಮುಂದೆ ಕೂರುವ ಕೆಲಸಕ್ಕೆ ಸೇರಿದಳು. ಈ ಕೆಲಸ ಹೇಗಿರುತ್ತದೆ ಖಾಲಾ, ಸ್ವಲ್ಪ ಬರೆದುಕೊಡು ಎಂದಳು. ಹೇಳಿದರೆ ಮರೆಯುತ್ತಾಳೆ, ಬರೆದರೆ ಓದುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಮನೆಯಲ್ಲಿ ಕೂತವಳಿಗೆ ಬೇರೆ ಏನು ಕೆಲಸ.

ನಾನು ನಸೀಮಾ. ಕಪನೂರಿನ ಒಂದು ಎಣ್ಣೆ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಸೇರಿದಾಗ ಕೂದಲು ಕಪ್ಪಗಿತ್ತು, ಬಿಟ್ಟಾಗ ಬೆಳ್ಳಗಾಗಿತ್ತು. ನಡುವೆ ಸಿಕ್ಕ ಬಡ್ತಿ ಎಂದರೆ ಕಟ್ಟಿಗೆಯ ಕುರ್ಚಿ ಹೋಗಿ ತಿರುಗುವ ಕುರ್ಚಿ ಬಂದದ್ದು. ಆ ಕುರ್ಚಿಯೂ ಈಗ ಅಲ್ಲಿಲ್ಲ, ನನ್ನ ಜಾಗಕ್ಕೆ ಯಾರೂ ಬರಲೂ ಇಲ್ಲ. ಬಂದದ್ದು ಒಂದು ಯಂತ್ರ, ಅದಕ್ಕೆ ಕೊಟ್ಟದ್ದು ನನ್ನ ದನಿ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು. ನಮ್ಮ ಕಾರ್ಖಾನೆಯಲ್ಲಿ ಪಂಪು ನೋಡಿಕೊಳ್ಳುವ ರೇವಣಸಿದ್ದ ಎಂಬವನಿದ್ದಾನೆ. ಊರು ಕಮಲಾಪುರ. ಅವನ ತಾಯಿ ತೀರಿಕೊಂಡ ಸುದ್ದಿ ಮುಂಜಾನೆಯೇ ಕಚೇರಿಯ ಫೋನಿಗೆ ಬಂತು. ಅವನಿಗೆ ತಲುಪಿದ್ದು ಸಂಜೆ. ತಾಯಿಯ ಮುಖ ಅವನಿಗೆ ಸಿಗಲಿಲ್ಲ. ಆ ಒಂದು ದಿನ ಹೇಗೆ ಹಾಗಾಯಿತು ಎಂದು ಹೇಳಬೇಕಾದರೆ ನನ್ನ ಇಡೀ ನೌಕರಿಯನ್ನೇ ಹೇಳಬೇಕಾಗುತ್ತದೆ.

ನಮ್ಮದು ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಪೆಟ್ರೋಲಿನಂಥ ಒಂದು ದ್ರವದಿಂದ ತೊಳೆದು ತೆಗೆಯುವ ಕಾರ್ಖಾನೆ. ಒಂದು ಕಿಡಿ ಬಿದ್ದರೆ ಮುಗಿಯಿತು. ಅದಕ್ಕೇ ಬೀಡಿ, ಕಡ್ಡಿಪೆಟ್ಟಿಗೆ ಗೇಟಿನಲ್ಲಿ ಬಿಟ್ಟು ಒಳಗೆ ಹೋಗಬೇಕು. ಮೊಬೈಲು ಬಂದ ಮೇಲೆ ಅದನ್ನೂ ಆಫ್ ಮಾಡಿ, ಕಾವಲುಗಾರನ ಹಿಂದಿನ ಗೂಡಿನಲ್ಲಿ ಇಟ್ಟು, ಬಿಲ್ಲೆ ತೆಗೆದುಕೊಂಡು ಹೋಗಬೇಕು ಎಂದಾಯಿತು. ಊರೆಲ್ಲ ಮೊಬೈಲಾದರೂ ನಮ್ಮ ಕೆಲಸಗಾರರ ಮನೆಯವರಿಗೆ ಪಾಳಿಯ ಹೊತ್ತಿನಲ್ಲಿ ಕಚೇರಿಯ ನಂಬರೇ ಗತಿ. ಪಾಳಿ ಎರಡೇ. ಒಂದು ಹೊತ್ತು ಮೂಡಿದ ಮೇಲೆ, ಇನ್ನೊಂದು ಹೊತ್ತು ಮುಳುಗಿದ ಮೇಲೆ.

ನನ್ನ ಕೋಣೆ ಗೇಟಿನ ಪಕ್ಕದಲ್ಲಿತ್ತು. ಕಿಟಕಿಯಿಂದ ಹುಮನಾಬಾದ್ ರಸ್ತೆ ಕಾಣುತ್ತಿತ್ತು. ಕಮಲಾಪುರಕ್ಕೆ ಹೋಗುವ ಬಸ್ಸುಗಳೆಲ್ಲ ಆ ಕಿಟಕಿಯ ಮುಂದೆಯೇ ಹಾದುಹೋಗುತ್ತಿದ್ದವು, ಕೈ ಮಾಡಿದರೆ ನಿಲ್ಲುತ್ತಿದ್ದವು. ನನಗೆ ಮನೆಯಲ್ಲಿ ದಖನಿ, ಕಚೇರಿಯಲ್ಲಿ ಕನ್ನಡ, ಲಾತೂರಿನ ವ್ಯಾಪಾರಿಗಳ ಜೊತೆ ಮರಾಠಿ, ತಾಂಡೂರಿನವರ ಜೊತೆ ಹರಕುಮುರುಕು ತೆಲುಗು. ಬೈಗುಳ ಮಾತ್ರ ನಾಲ್ಕರಲ್ಲೂ ಚೆನ್ನಾಗಿ ಅರ್ಥವಾಗುತ್ತಿತ್ತು, ಏಕೆಂದರೆ ಲಾರಿ ತಡವಾದರೆ ಬೈಸಿಕೊಳ್ಳುವವಳು ನಾನೇ. ಯಜಮಾನರನ್ನು ಯಾರೂ ಬೈಯುತ್ತಿರಲಿಲ್ಲ.

ಹೊಸದರಲ್ಲಿ ಮಾಡಿದ ಎಡವಟ್ಟುಗಳು ಬಹಳ. ಪ್ಲಾಂಟಿನಲ್ಲಿ ಇಬ್ಬರು ಬಸವರಾಜರಿದ್ದರು. ಒಬ್ಬನ ಹೆಂಡತಿ ಫೋನ್ ಮಾಡಿದಾಗ ಇನ್ನೊಬ್ಬನಿಗೆ ಕೊಟ್ಟುಬಿಟ್ಟೆ. ಆಕೆ ಮನೆಯ ಗ್ಯಾಸಿನಿಂದ ಹಿಡಿದು ಅತ್ತೆಯ ತನಕ ಎಲ್ಲವನ್ನೂ ಎತ್ತಿ ಆಡಿದಳು. ಈತ ಕೊನೆಯವರೆಗೂ 'ಹ್ಞೂಂ, ಹ್ಞೂಂ' ಎನ್ನುತ್ತ ಕೇಳಿದ. ಆಮೇಲೆ ನನ್ನ ಕೋಣೆಗೆ ಬಂದು (ಅಕ್ಕ ಎಂಬರ್ಥದಲ್ಲಿ ಎಲ್ಲರೂ ನನ್ನನ್ನು ಆಪಾ ಎನ್ನುತ್ತಿದ್ದರು), "ಆಪಾ, ಅಕಿ ನನ ಹೆಂಡ್ತಿ ಅಲ್ರಿ" ಎಂದ. "ಮತ್ತ ಅಷ್ಟೊತ್ತು ಯಾಕ ಕೇಳ್ದಿ?" ಎಂದು ಕೇಳಿದೆ. "ಮಾತೆಲ್ಲ ಅವೇ ಇದ್ದವಲ್ರಿ, ಕಡೀಕ ದನಿ ಬ್ಯಾರೆ ಅನಿಸ್ತು" ಎಂದ.

ದನಿ ಎಂದರೆ ಈ ಕೆಲಸದ ಬಂಡವಾಳ. ಮುಖ ನೋಡದೆ ಎಷ್ಟು ಮಂದಿ ಪರಿಚಯವಾದರೋ. ರೇವಣಸಿದ್ದನ ತಾಯಿ ಗುಂಡಮ್ಮ ಅಂಥವರಲ್ಲಿ ಒಬ್ಬರು. ಮೊದಲು ಕಮಲಾಪುರದ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ, ಆಮೇಲೆ ಮಗಳ ಮೊಬೈಲಿನಿಂದ ಫೋನ್ ಹಚ್ಚುತ್ತಿದ್ದರು. ಕೇಳುತ್ತಿದ್ದದ್ದು ಒಂದೇ ಮಾತು. "ಯವ್ವಾ ನಸೀಮಾ, ನನ ಮಗ ಉಂಡಾನೇನು ಕೇಳಿ ಹೇಳು." ನಾನು ಪಂಪ್ ಹೌಸಿಗೆ ಫೋನ್ ಮಾಡಿ ಕೇಳುತ್ತಿದ್ದೆ. ಉಂಡಾನಂತ ಎಂದರೆ ಆಕೆ ಫೋನ್ ಇಡುತ್ತಿದ್ದರು. ಮಗನ ಕೂಡ ಮಾತಾಡಿಸು ಎಂದು ಕೇಳಿದ್ದೇ ಕಡಿಮೆ. ಅದಕ್ಕೆ ಪ್ರತಿಯಾಗಿ ರೇವಣಸಿದ್ದನ ಕೈಯಲ್ಲಿ ನನಗೆ ಕಮಲಾಪುರದ ಕೆಂಪು ಬಾಳೆಹಣ್ಣು ಬರುತ್ತಿತ್ತು. ಒಮ್ಮೆ ಬಂದು ಹೋಗು ಎನ್ನುತ್ತಿದ್ದರು. ಒಂದು ತಾಸಿನ ದಾರಿ, ಯಾವಾಗಾದರೂ ಹೋದರಾಯಿತು ಎಂದು ನಾನು ಸುಮ್ಮನಿರುತ್ತಿದ್ದೆ.

ನಮ್ಮ ಆಡಳಿತದ ಹಳೆಯ ಮ್ಯಾನೇಜರು ರಾಯರು ಇದೇ ಊರಿನವರು. ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ. ಈ ಕೆಲಸದ ಪಾಠ ಎಂದು ನಾನು ಕಲಿತದ್ದು ಅವರಿಂದ ಒಂದೇ ಒಂದು.

ಶರಣಸಿರಸಗಿಯಿಂದ ಒಬ್ಬರು ಫೋನ್ ಮಾಡಿ, "ನಮ್ಮ ಕಾಕಾಗ ಜರಾ ಆರಾಮಿಲ್ರಿ, ಅವರ ಮಗಗ ಕಳಿಸ್ರಿ" ಎಂದರು. ನಾನು ಸೇರಿದ ಹೊಸತು. "ಪಾಳಿ ಮುಗದ ಮ್ಯಾಲ ಬರ್ತಾರ್ರಿ" ಎನ್ನುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ರಾಯರು ರಿಸೀವರ್ ಕಸಿದುಕೊಂಡರು.

"ದವಾಖಾನಿಗಿ ಒಯ್ದೀರೇನ್ರಿ?"

ಆ ಕಡೆಯಿಂದ, "ಇಲ್ರಿ, ಮನ್ಯಾಗ ಅದಾರ."

"ಆತು, ಈಗ ಕಳಸ್ತೀನಿ" ಎಂದು ರಾಯರು ಫೋನ್ ಇಟ್ಟರು. ನನ್ನ ಕಡೆ ತಿರುಗಿ, "ನೋಡವಾ, ಆರಾಮಿಲ್ಲದವ್ರಿಗಿ ದವಾಖಾನಿಗಿ ಒಯ್ತಾರ. ಮನ್ಯಾಗ ಇಟ್ಕೊಂಡು ಮಗನ್ನ ಕಳಿಸು ಅಂತಾರಂದ್ರ, ಒಯ್ಯೋದು ಮುಗದದ ಅಂತ ತಿಳಕೋ" ಎಂದರು.

ಆಮೇಲೆ ಅವರು ಮಾಡಿದ್ದನ್ನು ನೋಡಿದೆ. ಆ ಮಗನನ್ನು ಕ್ಯಾಂಟೀನಿಗೆ ಕರೆಸಿದರು. ಮೊದಲು ಊಟ ಮಾಡು, ಆಮೇಲೆ ಒಂದು ಕೆಲಸ ಇದೆ ಎಂದರು. ಎದುರಿಗೆ ಕೂತು ತೊಗರಿಯ ಧಾರಣೆಯ ಮಾತಾಡಿದರು. ಸಾವು ಗೊತ್ತಾದ ಮೇಲೆ ಮಣ್ಣಾಗುವ ತನಕ ಅವನು ಬಾಯಿಗೆ ನೀರೂ ಹಾಕುವುದಿಲ್ಲ, ಅದಕ್ಕೆ ಮೊದಲೇ ಹೊಟ್ಟೆಗೆ ಏನಾದರೂ ಬೀಳಬೇಕು. ತಟ್ಟೆ ಮುಗಿದ ಮೇಲೆ, ನಿಮ್ಮ ಅಪ್ಪಗ ಸ್ವಲ್ಪ ಆರಾಮಿಲ್ಲಂತ ಎಂದು, ಜೊತೆಗೆ ಒಬ್ಬನನ್ನು ಕೂಡಿಸಿ ಜೀಪಿನಲ್ಲಿ ಕಳಿಸಿದರು. ಕರೆದು ಊಟ ಮಾಡು ಎಂದ ಕೂಡಲೇ ಆ ಮಗನಿಗೂ ಗೊತ್ತಾಗಿತ್ತು. ಗೊತ್ತಾಗಿದೆ ಎಂದು ಅವನೂ ತೋರಿಸಲಿಲ್ಲ. ತುತ್ತು ನುಂಗುತ್ತಿದ್ದ.

ನಮ್ಮಲ್ಲೂ ಹಾಗೆಯೇ. ತಬಿಯತ್ ಠೀಕ್ ನೈ, ಆಕೆ ಜಾವ್, ಅಂದರೆ ಆರಾಮಿಲ್ಲ, ಬಂದು ಹೋಗು ಎನ್ನುತ್ತಾರೆ, ಹೋಗಿ ನೋಡಿದರೆ ಅಂಗಳದಲ್ಲಿ ಜನಾಜಾ ಇರುತ್ತದೆ. ಈ ಊರಿನಲ್ಲಿ ಯಾವ ಮನೆಯವರೂ ಫೋನಿನಲ್ಲಿ ಸಾವನ್ನು ಸಾವು ಎಂದು ಹೇಳುವುದಿಲ್ಲ. ಎಷ್ಟು ದೊಡ್ಡ ಸುದ್ದಿಯೋ ಅಷ್ಟು ಸಣ್ಣ ಮಾತಿನಲ್ಲಿ ಹೇಳುತ್ತಾರೆ. ಕೇಳಿದವರು ತಿಳಿದುಕೊಳ್ಳಬೇಕು. ನನ್ನ ನೌಕರಿಯ ತುಂಬ ನಾನು ಮಾಡಿದ ನಿಜವಾದ ಕೆಲಸ ಅಷ್ಟೇ ಎಂದು ಈಗ ಅನಿಸುತ್ತದೆ. ಆ ಪ್ರಶ್ನೆ ಕೇಳುವುದು, ಉತ್ತರ ತಿಳಿದುಕೊಳ್ಳುವುದು, ಊಟ ಹಾಕಿಸಿ ಬಸ್ಸು ಹತ್ತಿಸುವುದು.

ರಾಯರು ನಿವೃತ್ತರಾದರು. ಅವರ ಜಾಗಕ್ಕೆ ಮೈಸೂರು ಕಡೆಯ ಕಿರಣ್ ಎಂಬವರು ಬಂದರು. ಅವರನ್ನು ಖಳನಾಯಕ ಮಾಡಿ ಬರೆದರೆ ನನಗೆ ಹಗುರವಾಗುತ್ತಿತ್ತು. ಆದರೆ ಆ ಮನುಷ್ಯ ಹಾಗಿರಲಿಲ್ಲ. ಕೆಲಸಗಾರರ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು, ಕ್ಯಾಂಟೀನಿನ ರೊಟ್ಟಿ ತಿನ್ನಲು ಕಲಿತಿದ್ದರು, ಯಾರಿಗೂ ಏಕವಚನ ಬಳಸಲಿಲ್ಲ. ಕಾರ್ಖಾನೆಯ ಮೇಲಿನವರು ಹೈದರಾಬಾದಿನಲ್ಲಿರುತ್ತಾರೆ. ನಾನು ನಿವೃತ್ತಳಾದ ಮೇಲೆ ಆ ಜಾಗ ತುಂಬುವುದಿಲ್ಲ, ಕಚೇರಿಯ ಫೋನಿಗೆ ವಾಯ್ಸ್‌ಮೇಲ್ ಹಾಕಿ ಅದನ್ನು ಕಿರಣ್ ಅವರ ಮೊಬೈಲಿಗೆ ಜೋಡಿಸಿ ಎಂದು ಅವರು ಹೇಳಿದರು. ಜೋಡಿಸಲು ಸಹಾಯ ಮಾಡಬೇಕಾದವಳು ನಾನೇ. ತನ್ನ ಗೋರಿ ತಾನೇ ತೋಡುವುದಕ್ಕೆ ಓವರ್‌ಟೈಮೂ ಇರಲಿಲ್ಲ.

ವ್ಯವಸ್ಥೆ ಹೇಳುವುದಕ್ಕೆ ಸುಲಭ. ಕಚೇರಿಗೆ ಕರೆ ಬರುತ್ತದೆ. ಯಂತ್ರ ಎತ್ತಿ ನಮಸ್ಕಾರ ಹೇಳಿ, ಲೋಡಿಂಗಿಗೆ ಒಂದು ಒತ್ತಿ, ಲೆಕ್ಕಪತ್ರಕ್ಕೆ ಎರಡು ಒತ್ತಿ ಎನ್ನುತ್ತದೆ. ಏನೂ ಒತ್ತದಿದ್ದರೆ ಬೀಪ್ ಎನ್ನುತ್ತದೆ, ಕರೆದವರು ಹೇಳಿದ್ದು ದಾಖಲಾಗಿ ಸಾಹೇಬರ ಮೊಬೈಲಿಗೆ ಬಂದು ಬೀಳುತ್ತದೆ. ಅವರು ಬಿಡುವಾದಾಗ ಕೇಳಿಕೊಳ್ಳುತ್ತಾರೆ. ತುರ್ತಿದ್ದವರು ಒಂಬತ್ತು ಒತ್ತಿದರೆ ಮಾತ್ರ ಮೊಬೈಲು ಆಗಲೇ ರಿಂಗಾಗುತ್ತದೆ.

ಕೂಡಿಸುವುದು ಅಷ್ಟು ಸುಲಭವಿರಲಿಲ್ಲ. ಅಂಗಡಿಯ ಮೆಕ್ಯಾನಿಕ್ ಜೋಡಿಸಿ ಹೋದ ಮೊದಲ ದಿನ, ಸಾಹೇಬರು ಗೇಟಿನ ಹೊರಗಿನ ಹಿಂಡಿಯ ಗೋದಾಮಿಗೆ ಹೋದರು. ಅಲ್ಲಿ ಸಿಗ್ನಲ್ ಇಲ್ಲ. ಯಾರಾದರೂ ಒಂಬತ್ತು ಒತ್ತಿದಾಗಲೆಲ್ಲ ನಮ್ಮ ಯಂತ್ರ ಅವರ ಮೊಬೈಲಿಗೆ ಕರೆ ಮಾಡಿತು. ಆ ಕಡೆಯಿಂದ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಕಂಪನಿಯ ಹೆಂಗಸಿನ ದನಿ ಬಂತು. ನಮ್ಮ ಯಂತ್ರ ಅದನ್ನು ಮನುಷ್ಯರೆಂದು ತಿಳಿದು ಕರೆ ಜೋಡಿಸಿತು, ಅದರ ಮಾತನ್ನೂ ದಾಖಲಿಸಿಕೊಂಡಿತು. ಸಂಜೆ ವಾಯ್ಸ್‌ಮೇಲಿನ ಪೆಟ್ಟಿಗೆ ತೆಗೆದರೆ ಮೂರು ಭಾಷೆಗಳಲ್ಲಿ ಅದೇ. ಎರಡು ಯಂತ್ರಗಳು ದಿನವಿಡೀ ಒಂದನ್ನೊಂದು ಕ್ಷಮೆ ಕೇಳಿಕೊಂಡು ಕೂತಿದ್ದವು. ಮೊಬೈಲು ಎತ್ತಿದವರು ಒಂದು ಒತ್ತಿದರೆ ಮಾತ್ರ ಜೋಡಿಸು ಎಂದು ಕೂಡಿಸಿದ ಮೇಲೆ ಅದು ಸರಿಹೋಯಿತು.

ಇನ್ನೊಂದು ತೊಂದರೆ ನಮ್ಮ ಜನರದು. ನಮ್ಮವರು ಫೋನಿನಲ್ಲಿ ಹಲೋ ಎನ್ನುತ್ತಾರೆ, ಆ ಕಡೆಯವರು ಹಲೋ ಎನ್ನುವ ತನಕ ಕಾಯುತ್ತಾರೆ. ಯಂತ್ರ ಹಲೋ ಎನ್ನುವುದಿಲ್ಲ, ಬೀಪ್ ಎನ್ನುತ್ತದೆ. ಇವರು ಕಾಯುತ್ತಾರೆ. ಮೌನ ಬಂತೆಂದು ಯಂತ್ರ ಕತ್ತರಿಸುತ್ತದೆ. ಪೆಟ್ಟಿಗೆಯ ತುಂಬ ಬರೀ ಹಲೋ. ಒಬ್ಬರು ಹಲೋ ಹಲೋ ಎಂದು ಸಾಕಾಗಿ, "ಎತ್ತಿ ಮಾತಾಡಂಗಿಲ್ಲ, ಭಾಳ ಸೊಕ್ಕು ಬಂದದ ಇವರಿಗಿ" ಎಂದದ್ದು ದಾಖಲಾಗಿತ್ತು. ಸಾಹೇಬರು ತಲೆ ಹಿಡಿದುಕೊಂಡು ಕೂತರು. ಆಗ ನಾನೇ ಹೇಳಿದೆ, ಬೀಪಿಗೆ ಮೊದಲು ಒಂದು 'ಹೇಳ್ರಿ' ಸೇರಿಸೋಣ, ನಾನು ಹೇಳುವ ಹಾಗೆಯೇ. ಇಷ್ಟು ವರ್ಷ ಜನ ನನ್ನ 'ಹೇಳ್ರಿ' ಕೇಳಿಯೇ ಬಾಯಿ ಬಿಟ್ಟಿದ್ದಾರೆ.

ಅವತ್ತು ಕೋಣೆಯ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ನನ್ನ ದನಿಯಲ್ಲಿ ದಾಖಲೆ ಮಾಡಿದೆವು. ನಮಸ್ಕಾರ, ಲೋಡಿಂಗಿಗೆ ಒಂದು, ಲೆಕ್ಕಪತ್ರಕ್ಕೆ ಎರಡು, ತುರ್ತು ಇದ್ದರೆ ಒಂಬತ್ತನ್ನು ಒತ್ತಿ. ಆಮೇಲೆ ಸ್ವಲ್ಪ ಬಿಟ್ಟು, ಹೇಳ್ರಿ. ಮರುದಿನದಿಂದ ಪೆಟ್ಟಿಗೆಯಲ್ಲಿ ಮಾತುಗಳು ಬೀಳತೊಡಗಿದವು. ಕಿರಣ್ ಅವರು ಕೈ ಮುಗಿದು, "ನಿಮ್ಮ ಒಂದು ಪದಕ್ಕೆ ಇಡೀ ಸಿಸ್ಟಮ್ ನಿಂತಿದೆ ಮೇಡಂ" ಎಂದರು. ಆ ಮಾತಿಗೆ ನನಗೆ ಹಿಗ್ಗಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಒಂಬತ್ತರ ಬಗ್ಗೆ ಮಾತ್ರ ನನಗೆ ಆಗಲೇ ಅನುಮಾನವಿತ್ತು. "ಸರ, ಒಂಬತ್ತು ಯಾರು ಒತ್ತತಾರ್ರಿ?" ಎಂದು ಕೇಳಿದೆ.

"ತುರ್ತು ಇರೋರು ಒತ್ತುತ್ತಾರೆ ಮೇಡಂ."

"ಅವರೇ ಒತ್ತಂಗಿಲ್ರಿ."

ಅವರು ನಕ್ಕರು. ಕೆಟ್ಟ ನಗು ಅಲ್ಲ. ನಾನು ರಾಯರ ಪಾಠವನ್ನೆಲ್ಲ ಹೇಳಿದೆ. ಗಮನವಿಟ್ಟು ಕೇಳಿ, "ಅದಕ್ಕೇನಂತೆ, ಎಲ್ಲ ಮೆಸೇಜುಗಳನ್ನೂ ನಾನೇ ಕೇಳ್ತೀನಿ, ಒಂದನ್ನೂ ಬಿಡಲ್ಲ" ಎಂದರು. ಆ ಮಾತನ್ನು ಅವರು ಉಳಿಸಿಕೊಂಡರು. ಅದೇ ನನ್ನನ್ನು ಹೆಚ್ಚು ಕಂಗೆಡಿಸುತ್ತದೆ. ಮಾತಿಗೆ ತಪ್ಪಿದ್ದರೆ ಬೈದು ಹಗುರಾಗಬಹುದಿತ್ತು.

ನಾನಿದ್ದ ಕೊನೆಯ ತಿಂಗಳುಗಳಲ್ಲಿ ಒಂಬತ್ತನ್ನು ಒತ್ತಿದವರು ಇಂಥವರು: ಬರುವಾಗ ಮೊಸರು ತಾ ಎನ್ನುವವರು, ಬೀಗದ ಕೀಲಿ ಎಲ್ಲಿಟ್ಟಿದ್ದೀ ಎನ್ನುವವರು, ಟಿವಿ ಬರುತ್ತಿಲ್ಲ ಎನ್ನುವವರು. ಸಾಹೇಬರ ಮೊಬೈಲು ಮೀಟಿಂಗಿನ ನಡುವೆ ಹೊಡೆದುಕೊಳ್ಳುತ್ತಿತ್ತು. ಸಾವಿನ ಮನೆಯಿಂದ ಬಂದ ಕರೆಗಳಲ್ಲಿ ಒಂದೂ ಒಂಬತ್ತರಿಂದ ಬರಲಿಲ್ಲ. ನಾನು ಪೆಟ್ಟಿಗೆಯನ್ನು ಆಗಾಗ ತೆಗೆದು ಕೇಳುತ್ತಿದ್ದೆ, ಅಂಥ ಮಾತು ಕಿವಿಗೆ ಬಿದ್ದರೆ ತಿರುಗಿ ಫೋನ್ ಮಾಡಿ ದವಾಖಾನೆಯ ಪ್ರಶ್ನೆ ಕೇಳುತ್ತಿದ್ದೆ. ಹೀಗೆ ಎಲ್ಲವೂ ಸರಿಯಾಗಿ ನಡೆದ ಹಾಗೆ ಕಂಡಿತು. ಯಂತ್ರ ಚೆನ್ನಾಗಿದೆ ಎಂದು ಹೈದರಾಬಾದಿಗೆ ವರದಿ ಹೋಯಿತು. ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಟ್ಟರು.

ಅದಾದ ಮೇಲೆ ಒಂದು ಬೇಸಿಗೆಯಲ್ಲಿ ಕಿರಣ್ ಅವರು ದರ್ಗಾದ ಕಡೆಯ ನಮ್ಮ ಓಣಿಯನ್ನು ಹುಡುಕಿಕೊಂಡು ಮನೆಗೆ ಬಂದರು. ಮುಖ ಕಪ್ಪಿಟ್ಟಿತ್ತು. ಕೂರಿ ಎಂದರೆ ಕೂರಲಿಲ್ಲ. ಹಿಂದಿನ ದಿನ ರೇವಣಸಿದ್ದನ ತಾಯಿ ಹೋದರು ಎಂದು ಹೇಳಿ, ಮೊಬೈಲು ತೆಗೆದು, "ಇದನ್ನ ಒಂದ್ಸಲ ಕೇಳಿ ಮೇಡಂ" ಎಂದರು.

ಗುಂಡಮ್ಮನ ಮಗಳು ಮಹಾನಂದಾಳ ದನಿ. "ಆಪಾ, ನಾ ಮಹಾನಂದಾ ಮಾತಾಡಾಕತ್ತೀನ್ರಿ, ಕಮಲಾಪುರದಿಂದ. ಅವ್ವಗ ಸ್ವಲ್ಪ ಆರಾಮ ಇಲ್ರಿ. ಮನ್ಯಾಗ ಅದಾಳ. ಅಣ್ಣಗ ಜರಾ ಕಳಿಸ್ರಿ." ಉಸಿರು ಎಳೆದುಕೊಂಡ ಸದ್ದು. ಆಮೇಲೆ, "ಊಟ ಮಾಡಿಸಿ ಕಳಿಸ್ರಿ ಆಪಾ."

ಇದಕ್ಕಿಂತ ಬಿಡಿಸಿ ಯಾರೂ ಹೇಳಲಾರರು. ನಾನು ಕೇಳಬೇಕಾದ ಪ್ರಶ್ನೆಗೆ ಕೇಳುವ ಮೊದಲೇ ಉತ್ತರ ಕೊಟ್ಟಿದ್ದಳು.

"ಹನ್ನೆರಡರ ಒಳಗೇ ನಾನು ಕೇಳಿದೆ ಮೇಡಂ" ಎಂದರು ಕಿರಣ್. "ಸ್ವಲ್ಪ ಆರಾಮಿಲ್ಲ ಅಂದರು. ಆಸ್ಪತ್ರೆಗೆ ಸೇರಿಸೋ ಅಷ್ಟಿಲ್ಲ, ಮನೆಯಲ್ಲೇ ಇದ್ದಾರೆ ಅಂದುಕೊಂಡೆ. ಊಟ ಮಾಡಿಸಿ ಕಳಿಸಿ ಅಂದಾಗ, ಅವಸರ ಇಲ್ಲ ಅಂತ ಗ್ಯಾರಂಟಿ ಮಾಡಿಕೊಂಡೆ. ನೀವು ಹೇಳಿದ್ದು ನೆನಪಿತ್ತು ಮೇಡಂ. ಆದರೆ ನೀವು ಹೇಳಿದ್ದು ಸಾವಿನ ಸುದ್ದಿ ಬಗ್ಗೆ. ಇದು ಸಾವಿನ ಸುದ್ದಿ ಥರ ಇರಲಿಲ್ಲವಲ್ಲ." ಸಂಜೆ ಪಾಳಿ ಮುಗಿದ ಮೇಲೆ ರೇವಣಸಿದ್ದನನ್ನು ತಾವೇ ಗೇಟಿನಲ್ಲಿ ನಿಲ್ಲಿಸಿ, ತಾಯಿಗೆ ಹುಷಾರಿಲ್ಲವಂತೆ, ನಾಳೆ ರಜೆ ತಗೊಳ್ಳಿ ಎಂದು ಕಳಿಸಿದ್ದರು. ಅವನು ಅಲ್ಲೇ ಮೊಬೈಲು ಆನ್ ಮಾಡಿದ, ಮುಂಜಾನೆಯಿಂದ ಊರಿನಿಂದ ಬಂದ ಕರೆಗಳ ಸಂದೇಶಗಳು ಒಂದರ ಹಿಂದೆ ಒಂದು ಬಿದ್ದವಂತೆ. ಬಸ್ಸಿಗೆ ಕೈ ಮಾಡಲಿಲ್ಲವಂತೆ. ಹೋಗುತ್ತಿದ್ದ ಒಂದು ಲಾರಿಗೆ ಅಡ್ಡ ನಿಂತನಂತೆ.

ಕಿರಣ್ ಕಣ್ಣೊರೆಸಿಕೊಂಡು ಕೇಳಿದರು. "ತೀರಿಹೋದರು ಅಂತ ಒಂದು ಮಾತು ಹೇಳಬಹುದಿತ್ತಲ್ವಾ ಮೇಡಂ?"

ಹೇಳಬಹುದಿತ್ತು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಪದ್ಧತಿಯಂತೆ ತಾಯಿಯ ಶವವನ್ನು ಅಂಗಳದಲ್ಲಿ ಕೂಡಿಸಿಕೊಂಡು, ಹೊರಗೆ ನಿಂತು ಫೋನ್ ಹಿಡಿದ ಮಗಳಿಗೆ ಆ ಮಾತು ಬಾಯಿಗೆ ಬರುತ್ತದೆಯೇ. ಚಹಾ ಮಾಡಿ ಕೊಟ್ಟೆ. ಕುಡಿಯದೆ ಹೋದರು.

ಮರುದಿನ ನಾನು ಕಮಲಾಪುರಕ್ಕೆ ಹೋದೆ. ಕಾರ್ಖಾನೆಯ ಮುಂದೆ ಹಾದುಹೋಗುವ ಅದೇ ಬಸ್ಸು. ನನ್ನ ಕಿಟಕಿಗೆ ಹೊಸ ಪರದೆ ಹಾಕಿದ್ದರು. ಇಷ್ಟು ವರ್ಷ ಕರೆದಾಗ ಹೋಗದವಳು, ಕರೆಯುವವರು ಹೋದ ಮೇಲೆ ಹೊರಟಿದ್ದೆ. ಮನೆ ಸಿಗುವುದು ತಡವಾಗಲಿಲ್ಲ. ಗುಂಡಮ್ಮನ ಫೋಟೋ ಇದೆಯೇ ಎಂದು ನೋಡಿದೆ. ಗೋಡೆಯ ಮೇಲೆ ಇರಲಿಲ್ಲ, ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಲು ಕೊಟ್ಟಿದ್ದಾರೆ ಎಂದರು. ಹಾಗಾಗಿ ಆಕೆಯ ಮುಖ ನನಗೂ ಸಿಗಲಿಲ್ಲ.

ಮಹಾನಂದಾ ನನ್ನ ದನಿ ಕೇಳಿ ಗೋಡೆಗೆ ಒರಗಿದ್ದವಳು ಎದ್ದು ಬಂದು ಕೈ ಹಿಡಿದಳು.

"ಮುಂಜಾನೆನ ಹಚ್ಚಿದ್ನಲ್ರಿ ಆಪಾ. ನೀವ ಎತ್ತಿದ್ರಿ. ಆಪಾ ರಿಟೈರ್ ಆಗ್ಯಾರ ಅಂತ ಅಣ್ಣ ಅಂದಿದ್ದ. ನಿಮ್ಮ ದನಿ ಕೇಳಿ, ಮತ್ತ ಬಂದಾರ ಅಂದ್ಕೊಂಡಿ, ಜೀವಕ್ಕ ಸಮಾಧಾನ ಆತು. ಮೊದಲ ಅದೇನೋ ಒತ್ತು, ಇದೇನೋ ಒತ್ತು ಅಂದ್ರಿ, ನಂಗ ತಿಳೀಲಿಲ್ಲ, ಸುಮ್ಮ ನಿಂತಿ. ಆಮ್ಯಾಲ ಹೇಳ್ರಿ ಅಂದ್ರಿ. ಹೇಳಿದೆ."

ನಾನು ಮೆಲ್ಲಗೆ ಕೇಳಿದೆ. "ಆಮ್ಯಾಲ ನಾ ಏನ ಅಂದ್ನಿ?"

"ಏನೂ ಅನ್ಲಿಲ್ರಿ. ಅಳಾಕತ್ತೀರಿ ಅಂದ್ಕೊಂಡಿ. ಅವ್ವನ ಮ್ಯಾಲ ನಿಮ್ಮ ಜೀವನೂ ಇತ್ತಲ್ರಿ. ಅದಕ್ಕ ನಾನೂ ಭಾಳ ಮಾತಾಡ್ಲಿಲ್ಲ, ಇಟ್ಟೆ."

ಹಿರಿಯರು ಹೊತ್ತಾಗುತ್ತದೆ, ಯಾರನ್ನಾದರೂ ಗಾಡಿ ಮೇಲೆ ಕಳಿಸೋಣ ಎಂದರಂತೆ. ಬೇಡ, ಆಪಾಗ ಹೇಳೀನಿ, ಅವರು ಕಳಿಸೇ ಕಳಸ್ತಾರ ಎಂದು ಇವಳೇ ತಡೆದಳಂತೆ. ಕಲಬುರಗಿಯ ಬಸ್ಸು ಬಂದಾಗಲೆಲ್ಲ ಯಾರಾದರೂ ಸ್ಟ್ಯಾಂಡಿಗೆ ಹೋಗಿ ನೋಡಿ ಬರುತ್ತಿದ್ದರಂತೆ. ಭಜನೆಯವರು ಹಾಡಿ ಹಾಡಿ ಸುಸ್ತಾಗಿ ಕೂತರಂತೆ. ಮಧ್ಯಾಹ್ನ ಮತ್ತೊಮ್ಮೆ ಫೋನ್ ಮಾಡಿದಾಗ ಮತ್ತೆ ನನ್ನದೇ ದನಿ, ಅದೇ ಮಾತು. ಆಪಾ ಕೆಲಸದಲ್ಲಿದ್ದಾರೆ, ಪದೇ ಪದೇ ಏಕೆ ಕಾಡುವುದು ಎಂದು ಏನೂ ಹೇಳದೆ ಇಟ್ಟಳಂತೆ. ಹೊತ್ತು ಮುಳುಗುವುದಕ್ಕೆ ಮುಂಚೆ ಮಣ್ಣು ಮಾಡಲೇಬೇಕಾಯಿತು. ರೇವಣಸಿದ್ದನ ಲಾರಿ ಬಂದಾಗ ಮಂದಿ ಕೈಕಾಲು ತೊಳೆದುಕೊಂಡು ಹೊಲದಿಂದ ತಿರುಗಿ ಬರುತ್ತಿದ್ದರು.

"ಅದು ಮಷೀನ್ ಅಂತ ಅಣ್ಣ ಅಂದ" ಎಂದಳು ಮಹಾನಂದಾ. "ಖರೇ ಏನ್ರಿ ಆಪಾ?"

"ಖರೇ."

ಆಮೇಲೆ ಕೇಳಿದಳು. "ಕೇಳೋರು ಇಲ್ಲಂದ್ರ, ಅದು ಹೇಳ್ರಿ ಅಂತ ಯಾಕ ಅಂತದ?"

ಇಷ್ಟು ವರ್ಷ ಫೋನಿನಲ್ಲಿ ಯಾರು ಏನು ಕೇಳಿದರೂ ಏನಾದರೊಂದು ಉತ್ತರ ಕೊಟ್ಟವಳು ನಾನು. ಅವಳು ಹಿಡಿದಿದ್ದ ಕೈ ಬಿಡಿಸಿಕೊಂಡು ಹೊರಗೆ ಬಂದೆ.

ರೇವಣಸಿದ್ದ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಬೈದಾನು ಎಂದುಕೊಂಡೆ, ಬೈಯಲಿಲ್ಲ. ಹೊರಡುವಾಗ ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಬಂದ. ಬಸ್ಸು ಬರುವುದು ಕಂಡಾಗ, "ಅವತ್ತ ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡೀನ್ರಿ ಆಪಾ" ಎಂದ. "ರೊಟ್ಟಿ ಭಾಳ ರುಚಿ ಹತ್ತಿತು. ಅವ್ವ ಅಲ್ಲಿ ನನ ದಾರಿ ಕಾಯ್ಕೋತ ಕೂತಾಳ, ನಾ ಇಲ್ಲಿ ಇನ್ನೊಂದು ರೊಟ್ಟಿ ಬೇಡಿ ತಿಂದೀನಿ." ಅಷ್ಟೇ ಅಂದ. ದಿನಕರ್ಮ ಮುಗಿಸಿ ಮತ್ತೆ ಅದೇ ಪಂಪ್ ಹೌಸಿಗೆ ಹೋಗತೊಡಗಿದ. ಹೊಟ್ಟೆ ಕೇಳಬೇಕಲ್ಲ.

ಇಂಥದ್ದು ಆದ ಮೇಲೆ ಏನಾದರೂ ಬದಲಾಗಿರಬೇಕು ಎಂದು ಓದುವವರಿಗೆ ಅನಿಸಬಹುದು. ಬದಲಾಯಿಸಲು ಕಿರಣ್ ಪ್ರಯತ್ನ ಮಾಡಿದರು. 'ಆರಾಮಿಲ್ಲ' ಎಂಬ ಮಾತು ಬಂದ ಯಾವ ಸಂದೇಶವನ್ನಾದರೂ ತುರ್ತೆಂದೇ ತಿಳಿದು ಕೆಲಸಗಾರನನ್ನು ಆಗಲೇ ಕಳಿಸಬೇಕು ಎಂದು ನಿಯಮ ಮಾಡಿದರು. ನಮ್ಮವರೇನು ಕಡಿಮೆಯೇ. ಅದು ಗೊತ್ತಾದ ಕೂಡಲೇ ಮದುವೆ ಸೀಸನ್ನಿನಲ್ಲಿ ಎಲ್ಲರ ಮನೆಯಲ್ಲೂ ಯಾರಿಗಾದರೂ ಆರಾಮಿಲ್ಲದೆ ಹೋಯಿತು. ಮೇಲಿನವರು ನಿಯಮ ತೆಗೆಸಿದರು. ನನ್ನ ದನಿಯನ್ನು ತೆಗೆಯಿರಿ ಎಂದು ನಾನು ಕೇಳಿಕೊಂಡೆ. ತೆಗೆದು ಬೇರೆ ದನಿ ಹಾಕಿಸಿದರು, 'ಹೇಳ್ರಿ' ಇಲ್ಲದೆ. ಪೆಟ್ಟಿಗೆಯಲ್ಲಿ ಮತ್ತೆ ಹಲೋ ಹಲೋ ತುಂಬಿತು, ಲಾರಿಯವರ ಸುದ್ದಿಗಳು ತಪ್ಪಿ ನಷ್ಟವಾಯಿತು, ಹಳೆಯದನ್ನೇ ತಿರುಗಿ ಹಾಕಿ ಎಂದು ಹೈದರಾಬಾದಿನಿಂದ ಹೇಳಿಕಳಿಸಿದರು. ಈಚೆಗೆ ಕಿರಣ್ ಬೇರೆ ಕಡೆ ಹೋಗಿದ್ದಾರೆ. ಈಗ ಆ ಮೊಬೈಲು ಯಾರ ಜೇಬಿನಲ್ಲಿದೆಯೋ ನನಗೆ ಗೊತ್ತಿಲ್ಲ.

ತಂಗಿಯ ಮಗಳೇ, ಕೆಲಸ ಹೇಗಿರುತ್ತದೆ ಎಂದು ಕೇಳಿದ್ದೆಯಲ್ಲ, ಹೀಗಿತ್ತು. ಆ ಆಸ್ಪತ್ರೆಯವರೂ ಒಂದು ದಿನ ಯಂತ್ರಕ್ಕೆ ನಿನ್ನ ದನಿ ಕೊಡು ಎಂದು ಕೇಳುತ್ತಾರೆ. ಕೊಡಬೇಡ ಎಂದು ಹೇಳಿದರೆ ಕೊಡದೆ ಇರಲು ನಿನ್ನಿಂದ ಆಗುತ್ತದೆ ಎಂದು ನನಗೆ ಅನಿಸುವುದಿಲ್ಲ. ನನ್ನಿಂದಲೂ ಆಗಲಿಲ್ಲ.

ಕಳೆದ ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಆ ನಂಬರನ್ನು ನಾನೇ ಹಚ್ಚಿದೆ. ಆ ಕಡೆಯಿಂದ ನಾನೇ ನಮಸ್ಕಾರ ಎಂದೆ, ಲೋಡಿಂಗಿಗೆ ಒಂದು ಎಂದೆ, ಲೆಕ್ಕಪತ್ರಕ್ಕೆ ಎರಡು ಎಂದೆ, ತುರ್ತು ಇದ್ದರೆ ಒಂಬತ್ತನ್ನು ಒತ್ತಿ ಎಂದೆ. ಎಷ್ಟು ನಂಬಿಕೆಯ ದನಿ ಅದು. ನಾನು ಏನೂ ಒತ್ತದೆ ಕಾದೆ. ಸ್ವಲ್ಪ ಬಿಟ್ಟು ಅವಳು 'ಹೇಳ್ರಿ' ಎಂದಳು.

"ನಾ ನಸೀಮಾ ಮಾತಾಡಾಕತ್ತೀನ್ರಿ" ಎಂದು ಹೇಳಿದೆ. ಓಣಿಯ ಗುರುತು ಹೇಳಿದೆ. "ಸ್ವಲ್ಪ ಆರಾಮಿಲ್ರಿ. ಮನ್ಯಾಗ ಅದೀನಿ. ಯಾರಾರ ಜರಾ ಬಂದು ಹೋಗ್ರಿ."

ಇನ್ನೂ ಯಾರೂ ಬಂದಿಲ್ಲ.